ಕೋಟೆಯ ನಾಡಿನಲ್ಲಿ ಸೈಕಲ್ ಮೇಲೆ ಮೂರು ಬೆಳಗು

ಫ್ರಾನ್ಸ್ ದೇಶದಲ್ಲಿ ಲ್ವಾರ್ ಎಂಬ ನದಿ ಇದೆ. ಅದರ ದಂಡೆಯುದ್ದಕ್ಕೂ ರಾಜರ ಕಾಲದ ಕೋಟೆಗಳು, ಅರಮನೆಗಳು. ಅಲ್ಲಿನ ಹೆಂಗಸರು ರಜೆ ಬಂತೆಂದರೆ ಸೈಕಲ್ ಹತ್ತಿ, ಬುಟ್ಟಿಯಲ್ಲಿ ಬ್ರೆಡ್ಡು ಹಣ್ಣು ಇಟ್ಟುಕೊಂಡು, ಒಂದು ಕೋಟೆಯಿಂದ ಇನ್ನೊಂದು ಕೋಟೆಗೆ ನಿಧಾನವಾಗಿ ತುಳಿಯುತ್ತಾ ಹೋಗುತ್ತಾರೆ. ಅರವತ್ತು ದಾಟಿದ ಅಜ್ಜಿಯರೂ ಹೋಗುತ್ತಾರೆ. ಟೀವಿಯಲ್ಲಿ ನೀವೂ ನೋಡಿರಬಹುದು.

"ಅಯ್ಯೋ, ಆ ಭಾಗ್ಯ ನಮಗೆಲ್ಲಿ ಬರಬೇಕು" ಅಂತೀರಾ? ಸ್ವಲ್ಪ ತಡೆಯಿರಿ. ನದಿ ನಮ್ಮಲ್ಲೂ ಇದೆ, ಕೋಟೆಗಳೂ ಇವೆ. ಗಾಡಿಗಳ ಗದ್ದಲವಿಲ್ಲದ ಹಳ್ಳಿಯ ದಾರಿಗಳೂ ಇವೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲೂಕುಗಳ ಮಾತು ಹೇಳುತ್ತಿದ್ದೇನೆ. ನದಿ ವೇದಾವತಿ. ಸೈಕಲ್ಲು ಮಾತ್ರ ನಿಮ್ಮ ಹಿತ್ತಲಿನಲ್ಲಿ, ಸೌದೆಯ ರಾಶಿಗೆ ಒರಗಿ ನಿಂತಿರಬಹುದು!

ನಮ್ಮ ಸರ್ಕಾರ 2006-07ರಲ್ಲಿ ಹೈಸ್ಕೂಲು ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಆರಂಭಿಸಿದ್ದು ನಿಮಗೆ ನೆನಪಿರಬೇಕು. ಆ ವರ್ಷಗಳಲ್ಲಿ ಎಷ್ಟೋ ಹೆಣ್ಣುಮಕ್ಕಳು ಸೈಕಲ್ ತುಳಿದೇ ಹತ್ತನೇ ತರಗತಿ ಮುಗಿಸಿದರು. ಮಗಳು ಕಾಲೇಜಿಗೆ ಹೋದ ಮೇಲೆ, ಇಲ್ಲವೇ ಗಂಡನ ಮನೆಗೆ ಹೋದ ಮೇಲೆ, ಆ ಸೈಕಲ್ಲಿನ ಮೇಲೆ ಒಣಗುವುದು ನಮ್ಮ ಕೈವಸ್ತ್ರ, ಕಾಲೊರಸು. ನಮ್ಮ ಮನೆಯಲ್ಲೂ ಹಾಗೇ ಆಗಿತ್ತು. ಅದಕ್ಕೆ ಎರಡು ಹೊಸ ಟ್ಯೂಬು, ಬ್ರೇಕಿನ ರಬ್ಬರು ಹಾಕಿಸಿ, ಚೈನಿಗೆ ಎಣ್ಣೆ ಬಿಟ್ಟು, ಕಳೆದ ಕಾರ್ತಿಕ ಮಾಸದಲ್ಲಿ ನಾವು ಮೂವರು ಹೊರಟೆವು. ನಾನು, ಪಕ್ಕದ ಮನೆಯ ಟೀಚರಮ್ಮ, ಅವರ ನಾದಿನಿ. ಮೂವರಿಗೂ ನಲವತ್ತು ದಾಟಿದೆ. ಯಾರ ಸೈಕಲ್ಲಿಗೂ ಗೇರಿಲ್ಲ.

ಮದುವೆಯಾಗಿ ಇಷ್ಟು ವರ್ಷ ಈ ಜಿಲ್ಲೆಯಲ್ಲೇ ಇದ್ದರೂ ನಮಗೆ ದಾರಿ ಎಂದರೆ ಬಸ್ಸಿನ ಕಿಟಕಿ. ತವರಿಗೆ, ಜಾತ್ರೆಗೆ, ಆಸ್ಪತ್ರೆಗೆ, ಮದುವೆ ಮುಂಜಿಗೆ. ಇಳಿಯುವ ಊರು ಗೊತ್ತು, ನಡುವೆ ಇರುವ ಊರು ಗೊತ್ತಿಲ್ಲ. ನಡುವೆ ಇರುವುದನ್ನು ನೋಡೋಣ ಎಂದೇ ಹೊರಟಿದ್ದು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಬಸ್ಸಿನಲ್ಲಿ ಹೋಗುವವರಿಗೆ ಈ ಸೀಮೆಯಲ್ಲಿ ಕಾಣುವುದು ಕಲ್ಲು. ಸೈಕಲ್ಲಿನಲ್ಲಿ ಹೋಗುವವರಿಗೆ ಕಾಣುವುದು ನೀರು. ಬಾಟಲಿ ಖಾಲಿಯಾಯಿತು, ಮುಂದಿನ ಊರು ಎಷ್ಟು ದೂರ, ಅಲ್ಲಿ ನಲ್ಲಿ ಇದೆಯೋ ಬೋರ್‌ವೆಲ್ ಇದೆಯೋ ಎಂದು ಲೆಕ್ಕ ಹಾಕುತ್ತಾ ಹೋಗಬೇಕಾಗುತ್ತದೆ. ನಾಡಿನಲ್ಲೇ ಅತಿ ಕಡಿಮೆ ಮಳೆ ಬೀಳುವ ಜಾಗಗಳಲ್ಲಿ ಇದೂ ಒಂದು. ವರ್ಷಕ್ಕೆ 500 ಮಿಲಿಮೀಟರ್ ದಾಟುವುದೇ ಕಷ್ಟ. ಹೀಗೆ ನೀರಿನ ಲೆಕ್ಕ ಹಾಕುತ್ತಾ ಕೋಟೆಗಳನ್ನು ನೋಡಿದರೆ, ಅವು ನಿಂತದ್ದು, ಬಿದ್ದದ್ದು ಏಕೆ ಎಂಬುದು ನಮ್ಮಂಥ ಸಂಸಾರಸ್ಥರಿಗೆ ಬೇಗ ತಿಳಿಯುತ್ತದೆ.

ಮೊದಲ ಬೆಳಗು: ಚಳ್ಳಕೆರೆಯಿಂದ ವೇದಾವತಿಗೆ

ಚಳ್ಳಕೆರೆ ಎಣ್ಣೆ ಗಿರಣಿಗಳ ಊರು. ಸುತ್ತಲೂ ಶೇಂಗಾ ಬೆಳೆ. ಒಂದು ಕಾಲಕ್ಕೆ ಎಣ್ಣೆ ವ್ಯಾಪಾರದಲ್ಲಿ ಮುಂಬಯಿ ಬಿಟ್ಟರೆ ಚಳ್ಳಕೆರೆಯೇ ಎನ್ನುತ್ತಿದ್ದರಂತೆ. ಕುರಿಯ ಉಣ್ಣೆಯ ಕರಿಕಂಬಳಿಗೂ ಈ ಊರು ಹೆಸರುವಾಸಿ. ರಾತ್ರಿ ಇಲ್ಲೇ ತಂಗಿ, ಬೆಳಗ್ಗೆ ಐದೂವರೆಗೆ ಎದ್ದು ಹೊರಡಬೇಕು. ಊರು ದಾಟಿ ಪರಶುರಾಮಪುರದ ದಾರಿ ಹಿಡಿದರೆ ಲಾರಿಗಳ ಕಾಟ ತಪ್ಪುತ್ತದೆ. ಪರಶುರಾಮಪುರಕ್ಕೆ ಹೆಚ್ಚುಕಡಿಮೆ 30 ಕಿಲೋಮೀಟರ್. ಬೆದರಬೇಡಿ. ನೆಲ ಹೆಚ್ಚು ಏರಿಳಿತವಿಲ್ಲದೆ ಹರಡಿಕೊಂಡಿದೆ. ಗಂಟೆಗೆ ಹತ್ತು ಕಿಲೋಮೀಟರಿನಂತೆ ತುಳಿದರೂ, ಎರಡು ಕಡೆ ಕೂತು ತಿಂಡಿ ತಿಂದರೂ, ಹತ್ತು ಗಂಟೆಯೊಳಗೆ ತಲುಪುತ್ತೀರಿ.

ಚಳ್ಳಕೆರೆಯಿಂದ ಹೆಚ್ಚು ದೂರವಿಲ್ಲದ ಊರು ದೊಡ್ಡೇರಿ. ಹೆಸರು ಕೇಳಿದರೆ ಯಾರೂ ನಿಲ್ಲುವುದಿಲ್ಲ, ಆದರೆ ನಿಲ್ಲಬೇಕು. 1695ರಲ್ಲಿ ಇಲ್ಲಿ ದೊಡ್ಡದೊಂದು ಯುದ್ಧ ನಡೆಯಿತು. ಔರಂಗಜೇಬನ ಸರದಾರ ಕಾಸಿಂಖಾನ ಭಾರಿ ಸೈನ್ಯ, ಆನೆ, ಒಂಟೆ, ಬೆಲೆಬಾಳುವ ಡೇರೆಗಳ ಸಮೇತ ಈ ಕಡೆ ಬಂದಿದ್ದ. ಮರಾಠರ ಸಂತಾಜಿ ಘೋರ್ಪಡೆ ಮೇಲೆ ಬಿದ್ದ. ಚಿತ್ರದುರ್ಗದ ಭರಮಣ್ಣ ನಾಯಕನೂ ಸಂತಾಜಿಯ ಕಡೆ ಸೇರಿದ. ಮೊಗಲರು ಓಡಿಬಂದು ದೊಡ್ಡೇರಿಯ ಸಣ್ಣ ಕೋಟೆಯೊಳಗೆ ಸೇರಿಕೊಂಡರು. ಆಮೇಲೆ ಆದದ್ದು ಕೇಳಿ. ಕೋಟೆಯ ಗೋಡೆಯನ್ನು ಯಾರೂ ಒಡೆಯಲಿಲ್ಲ. ಒಳಗಿದ್ದ ಕಣಜ ಖಾಲಿಯಾಯಿತು, ಅಷ್ಟೇ. ಮೊದಲು ಇದ್ದ ಜೋಳ, ಸಜ್ಜೆಯ ರೊಟ್ಟಿಯನ್ನು ಆಳಿನಿಂದ ಹಿಡಿದು ಸರದಾರರವರೆಗೆ ಎಲ್ಲರೂ ತಿಂದರು. ಚಾವಣಿಗೆ ಹೊದಿಸಿದ ಹುಲ್ಲನ್ನೇ ಕಿತ್ತು ದನ ಕುದುರೆಗಳಿಗೆ ಹಾಕಿದರು. ಆಮೇಲೆ ಅದೂ ಇಲ್ಲ. ಕಾಸಿಂಖಾನ ಕೋಟೆಯೊಳಗೇ ಸತ್ತ. ಉಳಿದವರು ಹಣ, ಆನೆ, ಕುದುರೆ, ಒಡವೆ ಎಲ್ಲವನ್ನೂ ಒಪ್ಪಿಸಿ ಜೀವ ಉಳಿಸಿಕೊಂಡು ಹೊರಬಂದರು.

ದಿಲ್ಲಿಯ ಬಾದಶಹನ ದಂಡನ್ನು ಸೋಲಿಸಿದ್ದು ಒಂದು ಖಾಲಿ ಕಣಜ! ತಿಂಗಳ ಕೊನೆಯಲ್ಲಿ ಡಬ್ಬಿಯ ತಳ ಕೆರೆದು ಸಂಸಾರ ತೂಗಿಸುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ, ಅಲ್ಲವೇ?

ದೊಡ್ಡೇರಿಯ ಯೋಚನೆಯಲ್ಲೇ ಮುಂದೆ ಹೋದೆವು. ಎರಡೂ ಕಡೆ ಶೇಂಗಾ ಕಿತ್ತ ಹೊಲಗಳು, ಹುಣಸೆ ಮರಗಳು, ಬೇಲಿಯಲ್ಲಿ ಜಾಲಿ. ಕುರಿಮಂದೆ ದಾರಿಗೆ ಅಡ್ಡ ಬಂದರೆ ಇಳಿದು ನಿಲ್ಲಲೇಬೇಕು. ಅವಕ್ಕೆ ಬೆಲ್ಲಿನ ಸದ್ದು ತಿಳಿಯುವುದಿಲ್ಲ! ಇಂಥ ಜಾಗದಲ್ಲಿ ನಿಂತಾಗಲೇ ಮಾತಿಗೆ ಜನ ಸಿಗುವುದು. ಒಬ್ಬ ಹೆಂಗಸು ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಬಂದವಳು ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ಎತ್ತಾಗೆ ಹೊಂಟ್ರಿ ತಾಯಿ, ಬಸ್ಸು ತಪ್ಪೋತಾ?" ಎಂದಳು. ಬಸ್ಸು ತಪ್ಪಿಲ್ಲ, ಬೇಕಂತಲೇ ಹೊರಟಿದ್ದೇವೆ ಎಂದೆವು. ಹೊರೆ ಇಳಿಸಿ ನಕ್ಕೂ ನಕ್ಕೂ ಸುಸ್ತಾದಳು. ಆಮೇಲೆ ಟೀಚರಮ್ಮನ ಸೈಕಲ್ಲಿನ ಹ್ಯಾಂಡಲ್ ಹಿಡಿದು ನೋಡಿ, "ನಂಗೂ ಕಲಸ್ತೀರಾ?" ಎಂದಳು. ಆ ಮಾತು ತಮಾಷೆಗೆ ಹೇಳಿದ್ದಲ್ಲ.

ಪರಶುರಾಮಪುರದ ಕಡೆ ವೇದಾವತಿ ಸಿಗುತ್ತದೆ. ಬಾಬಾಬುಡನ್‌ಗಿರಿಯ ಸಾಲಿನಲ್ಲಿ ಹುಟ್ಟುವ ವೇದಾ ಮತ್ತು ಅವತಿ ಎಂಬ ಎರಡು ಹೊಳೆಗಳು ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತದೆ. ಹಿರಿಯೂರಿನ ಹತ್ತಿರ ಎರಡು ಗುಡ್ಡಗಳ ನಡುವೆ ಅದಕ್ಕೆ ಅಣೆಕಟ್ಟು ಕಟ್ಟಿದ್ದಾರೆ. ಮಾರಿಕಣಿವೆ ಎಂದರೆ ಎಲ್ಲರಿಗೂ ಗೊತ್ತು. ಅದರ ಇನ್ನೊಂದು ಹೆಸರು ವಾಣಿವಿಲಾಸ ಸಾಗರ. ಗಂಡ ತೀರಿಕೊಂಡ ಮೇಲೆ, ಮಗ ಇನ್ನೂ ಚಿಕ್ಕವನಾಗಿದ್ದಾಗ, 1895ರಿಂದ 1902ರವರೆಗೆ ಮೈಸೂರು ರಾಜ್ಯದ ಆಡಳಿತ ನೋಡಿಕೊಂಡ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಬಿರುದು ಅದು. 1898ರಲ್ಲಿ ಅವರ ಕಾಲದಲ್ಲೇ ಕೆಲಸ ಶುರುವಾಗಿ 1907ಕ್ಕೆ ಮುಗಿಯಿತು. ಒಬ್ಬ ವಿಧವೆ ತಾಯಿಯ ಆಡಳಿತದಲ್ಲಿ ಈ ಬರದ ಸೀಮೆಗೆ ಒಂದು ಕೆರೆ ಬಂತು ಎಂಬುದನ್ನು ನಾವು ಮರೆಯಬಾರದು.

ಆ ಕೆರೆ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ, ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ಎಂಬತ್ತೊಂಬತ್ತು ವರ್ಷ! ಆಮೇಲೆ 2025ರ ಜನವರಿಯಲ್ಲೂ ತುಂಬಿ ಹರಿಯಿತು. ಹೊಳೆಯ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಅಜ್ಜಿಯೊಬ್ಬರು ಹೇಳಿದರು: "ಈ ಊರಿಗೆ ಸೊಸೆಯಾಗಿ ಬಂದಾಗಿಂದ ಹೊಳೆ ಅಂದ್ರೆ ಮರಳು ಅಂತ್ಲೇ ತಿಳ್ಕಂಡಿದ್ದೆ. ಆ ವರ್ಸ ನೀರು ಬಂದಾಗ ಸೊಸೆದೀರೆಲ್ಲಾ ಸೇರಿ ಅರಿಶಿನ ಕುಂಕುಮ ಬಿಟ್ವಿ. ಕಣ್ಣಾಗೆ ನೀರು ಬಂತು." ನಲ್ಲಿ ತಿರುಗಿಸಿದರೆ ನೀರು ಬರುವ ಊರಿನವರು ನಾವು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಬಿಸಿಲು ಏರುವ ಮುಂಚೆ ಊಟ ಮುಗಿಸಿ, ಲಗ್ಗೇಜ್ ಆಟೋದಲ್ಲಿ ಸೈಕಲ್ ಹೇರಿಸಿಕೊಂಡು ಚಳ್ಳಕೆರೆಗೆ ಮರಳಿದೆವು. ಹೋಗುತ್ತಾ ಸೈಕಲ್, ಬರುತ್ತಾ ಆಟೋ. ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ಎರಡನೆಯ ಬೆಳಗು: ನಾಯಕನಹಟ್ಟಿಯ ದಾರಿ

ಮರುದಿನ ನಾಯಕನಹಟ್ಟಿಗೆ. ಇದೂ 25 ಕಿಲೋಮೀಟರಿನ ಆಸುಪಾಸು. ಈ ದಾರಿಯಲ್ಲಿ ಮರ ಕಡಿಮೆ, ಆಕಾಶ ಜಾಸ್ತಿ. ದೂರದೂರಕ್ಕೆ ಹುಲ್ಲುಗಾವಲು. ಇದನ್ನು ಇಲ್ಲಿ ಕಾವಲು ಎನ್ನುತ್ತಾರೆ. ಅಮೃತಮಹಲ್ ದನಗಳ ಹೆಸರು ಕೇಳಿದ್ದೀರಲ್ಲ, ಅವುಗಳ ಮೇವಿಗೆಂದು ಹಿಂದಿನ ಅರಸರು ಕಾದಿಟ್ಟ ನೆಲ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಈ ದನಗಳ ಇಲಾಖೆಗೆ 'ಬೆಣ್ಣೆ ಚಾವಡಿ' ಎಂದು ಹೆಸರು. ಟಿಪ್ಪು ಸುಲ್ತಾನ 'ಅಮೃತಮಹಲ್' ಎಂದು ಬದಲಿಸಿದ. ಅರಮನೆಗೆ ಹಾಲು ಬೆಣ್ಣೆ ಕೊಟ್ಟ ದನಗಳೇ ದಂಡಿನ ಬಂಡಿಯನ್ನೂ ಎಳೆದವು.

ಈಗ ಈ ಕಾವಲಿನಲ್ಲಿ ಹೊಸ ಕಾಲದ ಗೋಡೆಗಳು ಎದ್ದಿವೆ. ಕುದಾಪುರದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ ಕೊಟ್ಟಿದ್ದಾರೆ. ರಕ್ಷಣಾ ಸಂಶೋಧನಾ ಸಂಸ್ಥೆಯ ವಿಮಾನ ಪರೀಕ್ಷೆಯ ಕೇಂದ್ರ 2017ರಲ್ಲಿ ಉದ್ಘಾಟನೆಯಾಯಿತು. ಪೈಲಟ್ ಇಲ್ಲದೆ ಹಾರುವ ವಿಮಾನಗಳನ್ನು ಅಲ್ಲಿ ಹಾರಿಸಿ ನೋಡುತ್ತಾರೆ. ದೇಶಕ್ಕೆ ಬೇಕಾದ ಕೆಲಸ, ಸರಿ. ಆದರೆ ಕುರಿ ಕಾಯುವವರು ಬೇರೆ ಮಾತೂ ಹೇಳುತ್ತಾರೆ. ಗೋಡೆ ಬಂದ ಮೇಲೆ ಮೇಯಿಸುವ ದಾರಿ ಸುತ್ತಾಯಿತು, ಹುಲ್ಲು ಕಡಿಮೆಯಾಯಿತು ಎಂದು ಈ ಸುತ್ತಿನ ಹಳ್ಳಿಗಳವರು ಹೋರಾಟವನ್ನೂ ಮಾಡಿದರು, ನ್ಯಾಯಾಲಯಕ್ಕೂ ಹೋದರು. ಹುಲ್ಲು ಇದ್ದರೆ ಕುರಿ, ಕುರಿ ಇದ್ದರೆ ಉಣ್ಣೆ, ಉಣ್ಣೆ ಇದ್ದರೆ ಕಂಬಳಿ. ರಾಟೆಯಲ್ಲಿ ಉಣ್ಣೆ ನೂಲುವವರು ಆ ಮನೆಗಳ ಹೆಂಗಸರು. ಗೋಡೆಯ ಪಕ್ಕದಲ್ಲಿ ಸೈಕಲ್ ತುಳಿಯುತ್ತಾ ಹೋದಷ್ಟೂ ಅದು ಮುಗಿಯುವುದೇ ಇಲ್ಲ. ಬಸ್ಸಿನಲ್ಲಾದರೆ ಐದು ನಿಮಿಷದಲ್ಲಿ ಹಿಂದೆ ಬಿದ್ದು ಮರೆತೂ ಹೋಗುತ್ತಿತ್ತು. ಕಾಲಿನಲ್ಲಿ ಅಳೆದ ಗೋಡೆ ಮರೆಯುವುದಿಲ್ಲ.

ನಾಯಕನಹಟ್ಟಿ ಹಟ್ಟಿ ನಾಯಕರ ಊರು. ಪಾಳೆಯಗಾರರ ಹೆಸರು ಊರಿನ ಹೆಸರಿನಲ್ಲೇ ಉಳಿದಿದೆ. ಆದರೆ ಜನ ಬರುವುದು ತಿಪ್ಪೇರುದ್ರಸ್ವಾಮಿಯ ಗದ್ದುಗೆಗೆ. ಫಾಲ್ಗುಣದಲ್ಲಿ ದೊಡ್ಡ ತೇರು. ಈ ಸ್ವಾಮಿಗಳು ಪವಾಡಕ್ಕಿಂತ ಹೆಚ್ಚಾಗಿ ಕೆರೆ ಕಟ್ಟಿಸಿದ್ದಕ್ಕೆ ಹೆಸರಾದವರು. ಊರೂರಿನ ಜನರನ್ನು ಸೇರಿಸಿ ಮಣ್ಣು ಹೊರಿಸಿದರಂತೆ. ಯಾರು ಎಷ್ಟು ಕೆಲಸ ಮಾಡಿದರೋ ಅವರಿಗೆ ಅಷ್ಟೇ ಕೂಲಿ ಸಿಗುವಂತೆ ನೋಡಿಕೊಂಡರಂತೆ. ನಾಯಕರು ಕಟ್ಟಿಸಿದ ಗೋಡೆ ಯಾವುದು ಎಂದು ಕೇಳಿದರೆ ಊರಿನ ಮಕ್ಕಳು ತಡವರಿಸಿದರು. ಸ್ವಾಮಿಯ ಕೆರೆ ಯಾವುದು ಎಂದು ಕೇಳಿದ ಕೂಡಲೇ ಬೆರಳು ಮಾಡಿ ತೋರಿಸಿದರು!

ಮೂರನೆಯ ಬೆಳಗು: ಮೊಳಕಾಲ್ಮೂರು

ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ದಾರಿ ಬಳ್ಳಾರಿಯ ಹೆದ್ದಾರಿ. ತಳಕು, ಬಿ.ಜಿ. ಕೆರೆ ದಾಟಿ ಹಾನಗಲ್ ಬಳಿ ತಿರುಗಬೇಕು. ಇಲ್ಲಿ ಸೈಕಲ್ ತುಳಿಯಲು ಹೋಗಬೇಡಿ. ಲಾರಿಗಳು ಜೋರಾಗಿ ಓಡುತ್ತವೆ. ಹಿಂದಿನ ಸಂಜೆಯೇ ಆಟೋದಲ್ಲಿ ಸೈಕಲ್ ಸಾಗಿಸಿ, ರಾತ್ರಿ ಮೊಳಕಾಲ್ಮೂರಿನಲ್ಲಿ ಉಳಿದುಕೊಳ್ಳಿ.

ಊರಿನ ಬೆನ್ನಿಗೇ ಬಂಡೆಯ ಬೆಟ್ಟ, ಬೆಟ್ಟದ ಮೇಲೆ ಹಳೆಯ ಕೋಟೆಯ ಗೋಡೆಗಳು. ಸಮೀಪದ ನುಂಕೆಮಲೆಯಲ್ಲಿ ಭೈರವೇಶ್ವರನ ಗುಡಿ. ಪೂರ್ವಕ್ಕೆ ಹದಿನೈದು ಕಿಲೋಮೀಟರ್ ಹೋದರೆ ಆಂಧ್ರದ ರಾಯದುರ್ಗ. ಅಲ್ಲೂ ಬೆಟ್ಟದ ಮೇಲೆ ಕೋಟೆ, ಕೆಳಗೆ ಕನ್ನಡ ತೆಲುಗು ಎರಡನ್ನೂ ಆಡುವ ಜನ. ಪಶ್ಚಿಮ ದಕ್ಷಿಣಕ್ಕೆ ಎಲ್ಲ ಕೋಟೆಗಳಿಗೂ ಹಿರಿಯಣ್ಣನಂತೆ ಚಿತ್ರದುರ್ಗದ ಏಳು ಸುತ್ತಿನ ಕೋಟೆ. ಕೋಟೆಯೊಂದು ಕೋಟೆಯನ್ನು ಕಾಯುತ್ತಾ ನಿಂತಿದ್ದ ಸೀಮೆ ಇದು.

ಚಿತ್ರದುರ್ಗ ಎಂದ ಕೂಡಲೇ ನಿಮ್ಮ ಬಾಯಲ್ಲಿ ಬರುವುದು ಒನಕೆ ಓಬವ್ವನ ಹೆಸರು. ಹೈದರಾಲಿಯ ಸೈನಿಕರು ಕಿಂಡಿಯಿಂದ ನುಸುಳಿದಾಗ ಒನಕೆಯಲ್ಲಿ ಬಡಿದಳು ಎಂಬ ಕಥೆ ಎಲ್ಲರಿಗೂ ಬರುತ್ತದೆ. 2021ರಿಂದ ನವೆಂಬರ್ 11ರಂದು ಸರ್ಕಾರವೇ ಅವಳ ಜಯಂತಿ ಆಚರಿಸುತ್ತಿದೆ. ಆದರೆ ಅವಳು ಕಿಂಡಿಯ ಹತ್ತಿರ ಏಕೆ ಹೋಗಿದ್ದಳು, ನೆನಪಿದೆಯೇ? ಗಂಡ ಊಟಕ್ಕೆ ಕೂತಿದ್ದ. ಕುಡಿಯುವ ನೀರು ತರಲು ಹೋಗಿದ್ದಳು. ನೀರು ಎಲ್ಲಿದೆಯೋ ಅಲ್ಲಿ ಹೆಂಗಸು ಇದ್ದಳು, ಹೆಂಗಸು ಇದ್ದದ್ದರಿಂದ ಆ ದಿನ ಕೋಟೆ ಉಳಿಯಿತು. ಮುಂದೆ 1779ರಲ್ಲಿ ಕೋಟೆ ಹೈದರನ ಕೈ ಸೇರಿದ್ದು ಬೇರೆ ಮಾತು.

ಮೊಳಕಾಲ್ಮೂರಿಗೆ ಬಂದು ರೇಷ್ಮೆ ಸೀರೆ ನೋಡದೆ ಹೋಗುವುದುಂಟೇ? 2011ರಲ್ಲಿ ಈ ಸೀರೆಗೆ ಭೌಗೋಳಿಕ ಗುರುತು ಸಿಕ್ಕಿತು. ಎಂದರೆ ಬೇರೆ ಕಡೆ ನೇಯ್ದ ಸೀರೆಯನ್ನು ಮೊಳಕಾಲ್ಮೂರು ಎಂದು ಮಾರುವ ಹಾಗಿಲ್ಲ. ಒಡಲಿಗೆ ಒಂದು ಬಣ್ಣ, ಅಂಚಿಗೆ ಇನ್ನೊಂದು. ಎರಡೂ ಒಂದರೊಳಗೊಂದು ಬೆರೆಯದಂತೆ ನೇಯಬೇಕು. ಅಂಚಿನಲ್ಲಿ ಗೋಪುರ, ಒಡಲಿನಲ್ಲಿ ನವಿಲು, ಹೂವು, ಹಣ್ಣು. ಮಗ್ಗದ ಮನೆಯೊಂದರೊಳಗೆ ಕರೆದು ಕೂರಿಸಿದರು. ಗಂಡ ಮಗ್ಗದಲ್ಲಿ, ಹೆಂಡತಿ ಪಕ್ಕದಲ್ಲಿ ಕೂತು ಕಂಡಿಕೆ ಸುತ್ತುತ್ತಿದ್ದಳು. ಒಲೆಯ ಮೇಲೆ ಅನ್ನ. ಸುತ್ತುವುದು, ಅನ್ನ ಬಗ್ಗಿಸುವುದು, ಮಗುವಿಗೆ ಗದರುವುದು, ಮತ್ತೆ ಸುತ್ತುವುದು. "ಸೀರೆ ನೇಯೋರು ಅಂದ್ರೆ ಎಲ್ರೂ ಅವರನ್ನೇ ನೋಡ್ತಾರೆ ಅಕ್ಕ. ಕಂಡಿಕೆ ಇಲ್ದೆ ಲಾಳಿ ಓಡಲ್ಲ" ಎಂದಳು. ಗಂಡ ನಗುತ್ತಾ ತಲೆಯಾಡಿಸಿದ. ನೀವು ಸೀರೆ ಕೊಳ್ಳುವುದಾದರೆ ನೇಕಾರರ ಮನೆಯಲ್ಲಿ ಇಲ್ಲವೇ ಅವರ ಸಹಕಾರ ಸಂಘದಲ್ಲಿ ಕೊಳ್ಳಿ. ಕೊಟ್ಟ ಹಣದಲ್ಲಿ ಹೆಚ್ಚಿನ ಪಾಲು ಆ ಮನೆಗೇ ಸೇರುತ್ತದೆ.

ಮೂರನೆಯ ಬೆಳಗಿನ ಸವಾರಿ ಬ್ರಹ್ಮಗಿರಿಗೆ. ಸಿದ್ದಾಪುರ ಎಂಬ ಹಳ್ಳಿ, ಈಗ ಅಶೋಕ ಸಿದ್ದಾಪುರ ಎಂದೇ ಕರೆಯುತ್ತಾರೆ. ಮೊಳಕಾಲ್ಮೂರಿನಿಂದ ಎರಡು ಗಂಟೆಯ ದಾರಿ. ಹತ್ತಿರದಲ್ಲೇ ಹರಿಯುವುದು ಚಿನ್ನಹಗರಿ. ಜನಗಹಳ್ಳ ಎಂದೂ ಹೇಳುತ್ತಾರೆ. ಮುಂದೆ ಹೋಗಿ ಇದೂ ವೇದಾವತಿಯನ್ನೇ ಸೇರುತ್ತದೆ. ಮೊದಲ ದಿನ ನೋಡಿದ ಹೊಳೆಯ ತಂಗಿ ಎನ್ನಿ.

1892ರಲ್ಲಿ ಬಿ. ಎಲ್. ರೈಸ್ ಅವರು ಈ ಸುತ್ತಿನಲ್ಲಿ ಅಶೋಕ ಚಕ್ರವರ್ತಿಯ ಮೂರು ಬಂಡೆಶಾಸನಗಳನ್ನು ಪತ್ತೆ ಹಚ್ಚಿದರು. ಒಂದು ಬ್ರಹ್ಮಗಿರಿಯಲ್ಲಿ, ಒಂದು ಸಿದ್ದಾಪುರದಲ್ಲಿ, ಮತ್ತೊಂದು ಜಟಿಂಗ ರಾಮೇಶ್ವರ ಬೆಟ್ಟದ ಮೇಲೆ. ಬ್ರಹ್ಮಗಿರಿಯ ಬಂಡೆಗೆ ಹಳ್ಳಿಯವರು ಮೊದಲಿನಿಂದಲೂ 'ಅಕ್ಷರಗುಂಡು' ಎಂದು ಹೆಸರಿಟ್ಟಿದ್ದರು. ಓದಲು ಬಾರದಿದ್ದರೂ ಅದು ಅಕ್ಷರ ಎಂಬುದು ಅವರಿಗೆ ತಿಳಿದಿತ್ತು. ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷ ಹಳೆಯದು. ಇಲ್ಲಿ ಆಗ ಇಸಿಲ ಎಂಬ ಪಟ್ಟಣ ಇತ್ತು. ಸುವರ್ಣಗಿರಿಯಿಂದ ಅದರ ಅಧಿಕಾರಿಗಳಿಗೆ ಬಂದ ಆಜ್ಞೆ ಇದು. ಬರೆದವನ ಹೆಸರು ಚಪಡ. ಶಾಸನವೆಲ್ಲ ಬ್ರಾಹ್ಮಿ ಲಿಪಿಯಲ್ಲಿದೆ. ಕೊನೆಯಲ್ಲಿ 'ಲಿಪಿಕಾರ' ಎಂಬರ್ಥದ ಮಾತನ್ನು ಮಾತ್ರ ದೂರದ ವಾಯವ್ಯ ಸೀಮೆಯ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಅಷ್ಟು ದೂರದ ಅಕ್ಷರ ಕಲಿತವನೊಬ್ಬ ಅಂದೇ ಈ ಬಿಸಿಲಿನ ಊರಿಗೆ ಬಂದಿದ್ದ!

ಆಜ್ಞೆಯಲ್ಲಿ ಏನಿದೆ ಎಂದು ಕೇಳುತ್ತೀರಾ? ತಾಯಿತಂದೆಯರ ಮಾತು ನಡೆಸಬೇಕು, ಪ್ರಾಣಿಗಳ ಮೇಲೆ ದಯೆ ಇರಬೇಕು, ನಿಜ ಹೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು, ನಂಟರಿಷ್ಟರೊಡನೆ ಸರಿಯಾಗಿ ನಡೆದುಕೊಳ್ಳಬೇಕು. ಇಷ್ಟೇ. ಶಾಲೆಗೆ ಹೊರಟ ಮಗುವಿಗೆ ಜಡೆ ಹೆಣೆಯುತ್ತಾ ನಾವು ಹೇಳುವುದೂ ಇದನ್ನೇ ಅಲ್ಲವೇ? ಯುದ್ಧ ಮಾಡಿ ದಣಿದ ಚಕ್ರವರ್ತಿ ಕೋಟೆ ಕಟ್ಟಲಿಲ್ಲ, ತಾಯಂದಿರು ಹೇಳುವ ಮಾತನ್ನು ಬಂಡೆಯ ಮೇಲೆ ಬರೆಸಿದ.

1947ರಲ್ಲಿ ಮಾರ್ಟಿಮರ್ ವೀಲರ್ ಅವರ ಮುಂದಾಳುತನದಲ್ಲಿ ಇಲ್ಲಿ ಅಗೆದು ನೋಡಿದಾಗ, ಅಶೋಕನಿಗಿಂತ ಹಿಂದಿನ ಜನರ ನಯಗೊಳಿಸಿದ ಕಲ್ಲಿನ ಕೊಡಲಿಗಳು, ಮಡಕೆಗಳು, ದೊಡ್ಡ ಚಪ್ಪಡಿಗಳಿಂದ ಕಟ್ಟಿದ ಗೋರಿಗಳು ಸಿಕ್ಕಿದವು. ಅಂದರೆ ಈ ಬೆಟ್ಟದ ಬುಡದಲ್ಲಿ ಅದಕ್ಕೂ ಹಿಂದಿನಿಂದ ಒಲೆ ಉರಿದಿದೆ. ಹೊಳೆ ಹತ್ತಿರವಿತ್ತಲ್ಲ, ಅದಕ್ಕೇ.

ಜಟಿಂಗ ರಾಮೇಶ್ವರ ಬೆಟ್ಟ ಅಲ್ಲಿಂದ ಕಾಣುತ್ತದೆ. ರಾವಣನೊಡನೆ ಹೋರಾಡಿದ ಜಟಾಯು ಬಿದ್ದದ್ದು ಇಲ್ಲೇ ಎಂದು ಜನ ನಂಬುತ್ತಾರೆ. ಸೈಕಲ್ ಕೆಳಗೆ ಬೀಗ ಹಾಕಿ ನಿಲ್ಲಿಸಿ, ಬೆಟ್ಟವನ್ನು ನಡೆದೇ ಹತ್ತಬೇಕು. ಮೇಲೆ ದೇವಸ್ಥಾನ. ಅಶೋಕನ ಶಾಸನ ಇರುವ ಬಂಡೆಗೆ ಇಲ್ಲಿನ ಹೆಸರು ಕೇಳಿದರೆ ನಿಮಗೆ ಖುಷಿಯಾಗುತ್ತದೆ: ಬಳೆಗಾರರ ಗುಂಡು! ಜಾತ್ರೆಯ ದಿನ ಬಳೆಗಾರರು ಆ ಬಂಡೆಯ ಮೇಲೆ ಬಳೆಮಲಾರ ಬಿಚ್ಚಿ ಕೂರುತ್ತಿದ್ದುದರಿಂದ ಆ ಹೆಸರು ಬಂತು. ಅಕ್ಷರಗಳು ಬಹಳ ಸವೆದಿವೆ. ಎಷ್ಟು ತಲೆಮಾರಿನ ಹೆಂಗಸರು ಆ ಬಂಡೆಯ ಮೇಲೆ ಕೂತು, ಕೆಳಗೆ ಚಕ್ರವರ್ತಿಯ ಆಜ್ಞೆ ಇದೆ ಎಂದು ತಿಳಿಯದೆ, ಹಸಿರು ಬಳೆ ತೊಟ್ಟು ಎದ್ದು ಹೋದರೋ! ಅಕ್ಷರ ಸವೆದದ್ದಕ್ಕೆ ಬೇಸರವಾಯಿತು. ಬಳೆ ತೊಟ್ಟವರನ್ನು ನೆನೆದು ನಗುವೂ ಬಂತು.

ಹೊರಡುವವರಿಗೆ ನಾಲ್ಕು ಮಾತು

ಹೋಗುವುದಾದರೆ ಅಕ್ಟೋಬರಿನಿಂದ ಜನವರಿಯೊಳಗೆ ಹೋಗಿ. ಫೆಬ್ರವರಿ ಕಳೆದರೆ ಬಿಸಿಲು ತಡೆಯಲಾಗುವುದಿಲ್ಲ. ಬೆಳಗ್ಗೆ ಬೆಳಕು ಹರಿಯುತ್ತಲೇ ಹೊರಟು ಹತ್ತೂವರೆಯೊಳಗೆ ನೆರಳು ಸೇರಿಬಿಡಬೇಕು. ಒಬ್ಬರೇ ಹೋಗಬೇಡಿ, ಮೂವರು ನಾಲ್ವರಾದರೆ ಮಾತಿಗೂ ಆಯಿತು, ಧೈರ್ಯಕ್ಕೂ ಆಯಿತು. ಮೊದಲು ನಿಮ್ಮ ಊರಿನಲ್ಲೇ ಹದಿನೈದು ದಿನ, ದಿನಕ್ಕೆ ಐದಾರು ಕಿಲೋಮೀಟರ್ ತುಳಿದು ಅಭ್ಯಾಸ ಮಾಡಿಕೊಳ್ಳಿ. ಮಂಡಿ ನೋವು, ಎದೆ ನೋವು, ರಕ್ತದೊತ್ತಡ ಇದ್ದವರು ಡಾಕ್ಟರನ್ನು ಕೇಳಿಯೇ ಹೊರಡಬೇಕು. ಸೀಟು ತಗ್ಗಾಗಿದ್ದರೆ ಮಂಡಿ ಹಿಡಿದುಕೊಳ್ಳುತ್ತದೆ. ಪೆಡಲ್ ಕೆಳಗೆ ಹೋದಾಗ ಕಾಲು ಹೆಚ್ಚುಕಡಿಮೆ ನೇರವಾಗುವಷ್ಟು ಸೀಟನ್ನು ಏರಿಸಿಕೊಳ್ಳಿ. ಚೂಡಿದಾರ ಅನುಕೂಲ, ದುಪಟ್ಟಾ ಮಾತ್ರ ಚಕ್ರಕ್ಕೆ ಸಿಕ್ಕದಂತೆ ಸೊಂಟಕ್ಕೆ ಬಿಗಿಯಿರಿ. ಪಂಪು, ಒಂದು ಹೆಚ್ಚಿನ ಟ್ಯೂಬು, ತಲೆಗೆ ಹ್ಯಾಟು ಮರೆಯಬೇಡಿ. ತಲಾ ಮೂರು ಲೀಟರ್ ನೀರು ಬೇಕೇ ಬೇಕು. ಒಂದು ಬಾಟಲಿಗೆ ಚಿಟಿಕೆ ಉಪ್ಪು, ಒಂದು ತುಂಡು ಬೆಲ್ಲ, ಅರ್ಧ ನಿಂಬೆಹಣ್ಣು ಹಿಂಡಿ ಇಟ್ಟುಕೊಳ್ಳಿ.

ಬುತ್ತಿಗೆ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿಯಂಥದ್ದು ಇನ್ನೊಂದಿಲ್ಲ. ರೊಟ್ಟಿಯನ್ನು ಕಟಿಯಾಗಿ ಸುಟ್ಟರೆ ಮೂರು ದಿನವೂ ಕೆಡುವುದಿಲ್ಲ. ಒಂದು ಬಟ್ಟಲು ಶೇಂಗಾ ಸಣ್ಣ ಉರಿಯಲ್ಲಿ ಹುರಿದು ಸಿಪ್ಪೆ ಕೇರಿ, ಎಂಟು ಒಣಮೆಣಸಿನಕಾಯಿ, ಆರೇಳು ಎಸಳು ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ, ನೆಲ್ಲಿಕಾಯಿಗಿಂತ ಚಿಕ್ಕ ಹುಣಸೆ, ಉಪ್ಪು, ಚೂರು ಬೆಲ್ಲ ಸೇರಿಸಿ ತರಿತರಿಯಾಗಿ ಕುಟ್ಟಿ. ನುಣ್ಣಗೆ ಮಾಡಿದರೆ ಎಣ್ಣೆ ಬಿಟ್ಟು ಉಂಡೆಯಾಗುತ್ತದೆ. ಮೊಸರು ದಾರಿಯ ಹಳ್ಳಿಗಳಲ್ಲಿ ಕೇಳಿದರೆ ಕೊಡುತ್ತಾರೆ. ಸಂಜೆಗೆ ಚಳ್ಳಕೆರೆಯ ಬಂಡಿಗಳಲ್ಲಿ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಬಿಸಿಬಿಸಿಯಾಗಿ ಸಿಗುತ್ತದೆ. ಅಷ್ಟು ದೂರ ತುಳಿದ ಮೇಲೆ ಎರಡು ಬಜ್ಜಿ ಹೆಚ್ಚು ತಿಂದರೆ ಯಾರೂ ಏನೂ ಅನ್ನಲಾರರು.

"ಮೂರು ದಿನ ಮನೆ ಯಾರು ನೋಡಿಕೊಳ್ಳಬೇಕು?" ಇದು ನಿಮ್ಮ ಕೊನೆಯ ಪ್ರಶ್ನೆ ಎಂದು ಗೊತ್ತು. ನಮ್ಮ ಮನೆಯಲ್ಲೂ ಅದೇ ಪ್ರಶ್ನ ಬಂತು. ಉತ್ತರ ಹೇಳಿದವರು ನಮ್ಮತ್ತೆ. "ನಾನು ಹೋಗಲಿಲ್ಲ, ಇವಳಾದರೂ ಹೋಗಿಬರಲಿ. ಅನ್ನ ಸಾರು ಮಾಡಲು ನನ್ನ ಮಗನಿಗೂ ಬರುತ್ತೆ, ನಾನೇ ಕಲಿಸಿದ್ದು" ಎಂದರು. ಹಿಟ್ಟು ಬೀಸಿಸಿ, ಸಾರಿನಪುಡಿ ಡಬ್ಬಿ ತುಂಬಿಸಿ, ಹಾಲಿನವನಿಗೆ ಹೇಳಿ ಹೊರಟರೆ ಮೂರು ದಿನಕ್ಕೆ ಯಾವ ಮನೆಯೂ ಮುಳುಗುವುದಿಲ್ಲ. ಕಣಜ ತುಂಬಿ, ಬಿಂದಿಗೆ ತುಂಬಿ ಹೊರಟಿದ್ದೀರಿ ತಾನೇ? ಕೋಟೆಯನ್ನು ಕಾಯುವುದು ಹೇಗೆಂದು ನಿಮಗೆ ಗೊತ್ತಿದೆ.

ಈ ದೀಪಾವಳಿಗೆ ಹಿತ್ತಲು ಗುಡಿಸುವಾಗ ಆ ಸೈಕಲ್ಲನ್ನು ಒರಸಿ ಹೊರಗಿಡಿ. ಗಾಳಿ ಹೊಡೆಸಿ, ಬೀದಿಯ ಕೊನೆಯವರೆಗೆ ಒಂದು ಸಲ ಹೋಗಿಬನ್ನಿ. ಪಕ್ಕದ ಮನೆಯವರು ನೋಡಿ ನಕ್ಕರೆ ಅವರನ್ನೂ ಜೊತೆಗೆ ಕರೆಯಿರಿ.